ಟೀವಿಯೊಳಗ ಅಪ್ಪ ಉಂಡೇಳೂತನಕ

ಮೊದಲೇ ಆಣೆ ಮಾಡಿ ಹೇಳಿಬಿಡುತ್ತೇನೆ, ಇದರೊಳಗಿನ ಒಂದೊಂದು ಮಾತೂ ಖರೆ. ಬೇಕಾದರೆ ನಮ್ಮ ಪಡಸಾಲೆಯ ಸ್ಟೆಬಿಲೈಸರ್ ಮುಟ್ಟಿ ಹೇಳಲಿಕ್ಕೂ ತಯಾರು. ದೇವರ ಮೇಲೆ ಸುಳ್ಳು ಆಣೆ ಇಟ್ಟರೆ ದೇವರು ಹೋಗಲಿ ಬಿಡು ಅಂತ ಕ್ಷಮಿಸಿಯಾನು. ಸ್ಟೆಬಿಲೈಸರ್ ಹಾಗಲ್ಲ, ಆಗಿಂದಾಗಲೇ ಶಾಕ್ ಕೊಡುತ್ತದೆ. ನಮ್ಮದಂತೂ ನಿಜ ಹೇಳಿದರೂ ಕೊಡುತ್ತಿತ್ತು.

ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಿ ಟೀವಿ ಕೆಟ್ಟರೆ ಜನ ಬೇಜಾರು ಮಾಡಿಕೊಂಡು ಮಲಗುತ್ತಾರೆ. ನಮ್ಮ ಮನೆಯಲ್ಲಿ ಟೀವಿ ಕೆಟ್ಟರೆ ಉಪವಾಸ. ಯಾಕೆ ಅಂತ ಹೇಳುತ್ತೇನೆ.

ಸಿಂಧನೂರಿನಲ್ಲಿ ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ನಾನು ಕೈ ಹಚ್ಚಿದ ಮಶೀನು ಒಂದೋ ತಿರುಗಬೇಕು, ಇಲ್ಲ ಸುಡಬೇಕು. ನಡುವಿನ ಕೆಲಸ ನನಗೆ ಬರುವುದಿಲ್ಲ. ಈ ಭಾಗದಲ್ಲಿ ನನ್ನಷ್ಟು ಮಶೀನು ಬಲ್ಲವ ಇನ್ನೊಬ್ಬನಿಲ್ಲ ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ, ಯಾರೂ ಇಲ್ಲ ಅಂದಿಲ್ಲ.

ನಮ್ಮಪ್ಪ ಜೀವಮಾನದಲ್ಲಿ ಒಂದು ಫೋಟೋ ತೆಗೆಸಿದವನಲ್ಲ. ಕ್ಯಾಮೆರಾ ಕಂಡರೆ ಟವೆಲ್ಲು ಮುಖಕ್ಕೆ ಹಾಕಿಕೊಳ್ಳುತ್ತಿದ್ದ. ಎಂಬತ್ತರ ದಶಕದ ಕೊನೆಗೆ ಮಸ್ಕಿಯಲ್ಲಿ ಅಪ್ಪನ ತಮ್ಮನ ಮಗಳ ಮದುವೆ ಆಯಿತು. ಆಗಷ್ಟೇ ಮದುವೆಗೆ ವಿಡಿಯೋ ಹಿಡಿಸುವ ಚಟ ನಮ್ಮ ಕಡೆ ಬಂದಿತ್ತು. ವಿಡಿಯೋದವನು ಪಂಕ್ತಿಯಲ್ಲಿ ಕೂತ ಅಪ್ಪನನ್ನು ಅವನಿಗೆ ಗೊತ್ತಿಲ್ಲದಂತೆ ಹಿಡಿದುಬಿಟ್ಟ. ಅಪ್ಪ ಎಲೆ ಮುಂದೆ ಕೂಡುತ್ತಾನೆ, ಹೋಳಿಗೆ ಮುರಿಯುತ್ತಾನೆ, ತುಪ್ಪಕ್ಕೆ ಎರಡನೇ ಸಲ ಕೈ ಮಾಡುತ್ತಾನೆ, ಉಂಡು ನೀರು ಕುಡಿದು ಏಳುತ್ತಾನೆ. ಅಷ್ಟೇ. ಮರುವರ್ಷ ಅಪ್ಪ ತೀರಿಕೊಂಡ. ಉಳಿದದ್ದು ಆ ಕ್ಯಾಸೆಟ್ಟಿನೊಳಗಿನ ಒಂದು ಊಟ. ಅದರ ಮೇಲೂ ವಿಡಿಯೋದವನು ಒಂದು ಪ್ರೇಮಗೀತೆ ಹಾಕಿ, ಅಪ್ಪನ ಮುಖವನ್ನು ಹೃದಯದ ಆಕಾರದೊಳಗೆ ಕೂಡಿಸಿದ್ದ.

ಆ ಒಂದು ಊಟದ ಸಲುವಾಗಿ ನಾನು ಪಡಸಾಲೆಗೆ ಟೀವಿ ತಂದೆ, ವಿಸಿಆರ್ ತಂದೆ. ಅವ್ವ ದಿನಾ ನೋಡುತ್ತಿರಲಿಲ್ಲ. ಆದರೆ ಯಾವಾಗ ನೋಡುತ್ತಾಳೆ ಅಂತ ಹೇಳಲಿಕ್ಕೂ ಬರುತ್ತಿರಲಿಲ್ಲ. ಅಮಾವಾಸ್ಯೆಗೆ, ಹೋಳಿಗೆ ಮಾಡಿದ ದಿನ, ಸುಮ್ಮನೆ ಕೂತಾಗ ಒಮ್ಮೆಲೇ "ಹಚ್ಚಲೇ" ಅನ್ನುತ್ತಿದ್ದಳು. ಹಚ್ಚಿದ ಕೂಡಲೇ ತಲೆ ಮೇಲೆ ಸೆರಗು ಎಳೆದುಕೊಂಡು ಕಂಬದ ಹತ್ತಿರ ನೆಲಕ್ಕೆ ಕೂಡುತ್ತಿದ್ದಳು. ಅಪ್ಪ ಉಂಡೇಳುವತನಕ ತಾನು ಒಂದು ತುತ್ತು ಮುಟ್ಟುತ್ತಿರಲಿಲ್ಲ.

"ಅವ್ವ, ಅದು ಪಿಚ್ಚರ್" ಅಂತ ಒಮ್ಮೆ ಹೇಳಿ ನೋಡಿದೆ.

"ನನಗ ಗೊತ್ತಿಲ್ಲೇನು ಪಿಚ್ಚರ್ ಅಂತ? ಆದ್ರ ಕಣ್ಣ ಮುಂದ ಉಣ್ಣಾಕತ್ತಾರ. ಅವರು ಏಳೂತನಕ ನನ್ನ ಗಂಟಲಾಗ ಇಳಿಯಂಗಿಲ್ಲ" ಅಂದಳು.

ಅವ್ವ ಉಣ್ಣದೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವ ಪದ್ಧತಿ ಇಲ್ಲ. ಅಂದರೆ ಅಪ್ಪನ ಊಟ ನಡುವೆ ನಿಂತರೆ ಇಡೀ ಮನೆಯ ಊಟ ನಿಂತಂತೆ. ಹೀಗಾಗಿ ಪಡಸಾಲೆಯ ಆ ಮಶೀನು ಯಾವ ಹೊತ್ತಿಗೂ ತಯಾರಿರಬೇಕು. ಅವ್ವ ಕೆಮ್ಮಿದರೂ ನನಗೆ "ಹಚ್ಚಲೇ" ಅಂದಂತೆ ಕೇಳಿ ಟೀವಿ ಕಡೆ ಓಡುತ್ತಿದ್ದೆ.

ಅಪ್ಪ ಸೊರಗಿದ್ದು

ನಮ್ಮ ಮನೆಯ ಹಿಂದೆಯೇ ಒಂದು ರೈಸ್‌ಮಿಲ್ಲು. ಅದರ ಮೋಟರ್ ಶುರುವಾಯಿತೆಂದರೆ ನಮ್ಮ ಮನೆಯ ಬಲ್ಬು ನಿದ್ದೆಗಣ್ಣು ಮಾಡುತ್ತಿತ್ತು. ಸ್ಟೆಬಿಲೈಸರ್ ಟಕ್ ಟಕ್ ಅಂತ ಹಲ್ಲು ಕಡಿಯುತ್ತಿತ್ತು. ಟೀವಿಯೊಳಗಿನ ಚಿತ್ರ ಎಡಕ್ಕೂ ಬಲಕ್ಕೂ ಒಳಗೆ ಸರಿದು ಸಣ್ಣದಾಗುತ್ತಿತ್ತು.

ಒಂದು ದಿನ ಅವ್ವ ನೋಡನೋಡುತ್ತ ಕಣ್ಣು ತುಂಬಿಕೊಂಡಳು. "ಲೇ, ನಿಮ್ಮಪ್ಪ ಯಾಕ ಸೊರಗ್ಯಾರ?"

"ವೋಲ್ಟೇಜ್ ಇಲ್ಲವ್ವ."

"ಹ್ವಾದ ಅಮಾಸಿಗೆ ಹಿಂಗಿರಲಿಲ್ಲ. ಭುಜ ನೋಡು, ಹೆಂಗ ಇಳದಾವ. ಅಲ್ಲಿ ಏನ್ ಹಾಕ್ತಾರೋ, ಯಾರು ಹಾಕ್ತಾರೋ."

ಅವತ್ತಿನಿಂದ ಅವ್ವನಿಗೆ ಊಟ ರುಚಿಸದಾಯಿತು. ಅಲ್ಲಿ ಅಪ್ಪ ಸೊರಗಿದರೆ ಇಲ್ಲಿ ಅವ್ವ ಸೊರಗಲಿಕ್ಕೆ ಹತ್ತಿದಳು. ಹೀಗೇ ಬಿಟ್ಟರೆ ಆಗುವುದಿಲ್ಲ ಅಂತ ನಾನು ಮಿಲ್ಲಿನ ಸಾವ್ಕಾರರ ಹತ್ತಿರ ಹೋಗಿ ಕೂತು, ಇದ್ದದ್ದು ಇದ್ದಂಗೆ ಹೇಳಿದೆ. ಸಾವ್ಕಾರರು ದೊಡ್ಡ ಮನಸ್ಸಿನವರು. "ಅದಕ್ಕೇನ್ರಿ. ನಿಮ್ಮ ಮಾಳಿಗಿ ಮ್ಯಾಲ ಕೆಂಪು ಬಟ್ಟಿ ಕಂಡ್ರ ನಮ್ಮ ಡ್ರೈವರ್ ಮೋಟರ್ ಬಂದ್ ಮಾಡ್ತಾನ. ಬಟ್ಟಿ ತೆಗದ್ರ ಚಾಲೂ. ಒಂದು ಊಟದ ಮಾತಲ್ಲೇನು?" ಅಂದರು.

ಬಂದೋಬಸ್ತು ಬರೋಬ್ಬರಿ ಆಯಿತು. ಅವ್ವ "ಹಚ್ಚಲೇ" ಅಂದರೆ ನಾನು ಮಾಳಿಗೆ ಹತ್ತಿ ಕೆಂಪು ಟವೆಲ್ಲು ಹಾಕುತ್ತಿದ್ದೆ. ಮಿಲ್ಲು ಗಪ್. ಅಪ್ಪ ಮೈ ಕೈ ತುಂಬಿಕೊಂಡು ಉಣ್ಣುತ್ತಿದ್ದ. ನಮ್ಮ ಊರಿಗೆ ಎಂಥೆಂಥ ದೊಡ್ಡವರು ಬಂದು ಹೋಗಿದ್ದಾರೆ. ಯಾರಿಗಾದರೂ ಮಿಲ್ಲು ನಿಂತದ್ದು ಕೇಳಿದ್ದೀರಾ? ನಮ್ಮಪ್ಪನ ಊಟಕ್ಕೆ ನಿಂತಿದೆ.

ಸುಗ್ಗಿಯಲ್ಲಿ ಒಂದು ದಿನ ನಾನು ಅಂಗಡಿಯಲ್ಲಿದ್ದೆ. ಏನೋ ಕಡಿಮೆಯಾದಂತೆ ಅನಿಸಲಿಕ್ಕೆ ಹತ್ತಿತು. ಆಮೇಲೆ ತಿಳಿಯಿತು, ಮಿಲ್ಲಿನ ಸದ್ದು ಇಲ್ಲ. ಸುಗ್ಗಿಯಲ್ಲಿ ಆ ಸದ್ದು ನಿಂತರೆ ಊರಿನ ನಾಡಿ ನಿಂತಂತೆ. ಎದುರಿನ ಕಿರಾಣಿಯವ ಬಂದು "ಯಾರ್ ಹ್ವಾದ್ರಂತ?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. ಯಾರೋ ದೊಡ್ಡವರೇ ಹೋಗಿರಬೇಕು ಅಂತ ಅವನು ಮರ್ಯಾದೆಗೆ ಶಟರ್ ಅರ್ಧ ಇಳಿಸಿದ. ಅವನನ್ನು ನೋಡಿ ಪಕ್ಕದವ, ಅವನನ್ನು ನೋಡಿ ಅದರಾಚೆಯವ. ಭತ್ತ ತುಂಬಿದ ಗಾಡಿಗಳು, ಟ್ರ್ಯಾಕ್ಟರುಗಳು ಮಿಲ್ಲಿನಿಂದ ಬಸ್‌ಸ್ಟ್ಯಾಂಡಿನತನಕ ನಿಂತುಬಿಟ್ಟಿದ್ದವು.

ಒಮ್ಮೆಲೇ ನಮ್ಮ ಮಾಳಿಗೆ ನೆನಪಾಯಿತು. ಮನೆ ಕಡೆ ಓಡಿದೆ. ದೂರದಿಂದಲೇ ಕಂಡಿತು, ಮಾಳಿಗೆಯ ಹಗ್ಗದ ಮೇಲೆ ನಮ್ಮನೆಯಾಕಿಯ ಕೆಂಪು ಇಳಕಲ್ ಸೀರೆ ಗಾಳಿಗೆ ಪಟಪಟ ಹಾರುತ್ತಿತ್ತು. ಮುಂಜಾನೆ ಒಗೆದು ಒಣಹಾಕಿದ್ದಳಂತೆ.

ಬಾಗಿಲಲ್ಲಿ ಮಿಲ್ಲಿನ ಸಾವ್ಕಾರರು ಖುರ್ಚಿ ಹಾಕಿಕೊಂಡು ಕೂತಿದ್ದರು. ಸಿಟ್ಟೇನೂ ಮಾಡಲಿಲ್ಲ. ಮೆಲ್ಲಗೆ ಕೇಳಿದರು: "ಯಾಕ್ರೀ, ನಿಮ್ಮಪ್ಪಾರು ಇವತ್ತ ಪಂಕ್ತಿದು ಎಲ್ಲಾ ಎಲಿ ಅವರೊಬ್ಬರ ಖಾಲಿ ಮಾಡಾಕತ್ತಾರೇನು?"

ಶಾವಿಗೆ ಕೋಲು

ಒಂದು ಬೇಸಿಗೆಯಲ್ಲಿ ಅಪ್ಪನ ಮುಖದ ಮೇಲೆ ಗೆರೆಗಳು ಬರಲಿಕ್ಕೆ ಶುರುವಾದವು. ವಿಸಿಆರ್ ರಿಪೇರಿಗೆ ರಾಯಚೂರಿಗೆ ಒಯ್ಯಬೇಕು. ಒಯ್ದರೆ ಅದು ಬರುವತನಕ ಅವ್ವ "ಹಚ್ಚಲೇ" ಅಂದರೆ ಏನು ಮಾಡುವುದು?  ಆಮೇಲೆ ನೆನಪಾಯಿತು, ಈ ಭಾಗದಲ್ಲಿ ಮಶೀನು ಬಲ್ಲವ ನಾನೇ ಅಲ್ಲವೇ ಅಂತ.

ಅವ್ವ ಓಣಿಯ ಆಚೆ ಯಾರದೋ ಮನೆಗೆ ಬಾಣಂತಿ ಮಾತಾಡಿಸಲಿಕ್ಕೆ ಹೋಗಿದ್ದಳು. ಬಿಚ್ಚಿದೆ. ಒಳಗೆ ಬೆಳ್ಳಿಯಂಥ ಒಂದು ಉರುಳೆ ತಿರುಗುತ್ತದೆ. ತಿರುಗುವುದಕ್ಕೆಲ್ಲ ಗ್ರೀಸ್ ಬೇಕು, ಇದು ನಮ್ಮ ಧಂದೆಯ ಮೊದಲ ಪಾಠ. ಅಂಗಡಿಯಿಂದ ಪಂಪಿನ ಬೇರಿಂಗಿಗೆ ಹಚ್ಚುವ ಗ್ರೀಸ್ ತಂದು ಕೈತುಂಬ ಹಚ್ಚಿದೆ. ಕ್ಯಾಸೆಟ್ ಹಾಕಿದೆ. ಅಪ್ಪ ಕಂಡ. ಕರ್ ಅಂದಿತು. ಅಪ್ಪ ಹೋದ.

ಕ್ಯಾಸೆಟ್ ಎಳೆದರೆ ಒಳಗಿನ ರೀಲು ಕುರಿಯ ಕರುಳಿನಂತೆ ಹೊರಗೆ ಬಂತು, ಬರುತ್ತಲೇ ಇತ್ತು, ಮೈತುಂಬ ಗ್ರೀಸು.  "ಇನ್ನ ನಿಮ್ಮಪ್ಪಾರ ಮುಖ ಅತ್ತಿಯವರಿಗೆ ಎಲ್ಲಿಂದ ತೋರಸ್ತೀರಿ?" ಅಂದಳು ನಮ್ಮನೆಯಾಕಿ.  ಇಬ್ಬರೂ ಅರಳೆ ತೊಗೊಂಡು ಒರೆಸುತ್ತ ಹೋದೆವು. ಒರೆಸಿದ್ದು ನೆಲಕ್ಕೆ ಬಿದ್ದರೆ ಮಣ್ಣು ಹತ್ತುತ್ತದೆ. ಆಗ ಆಕೆಯೇ ಅಟ್ಟದಿಂದ ಶಾವಿಗೆ ಒಣಹಾಕುವ ಕೋಲುಗಳನ್ನು ಇಳಿಸಿದಳು. ಎರಡು ಖುರ್ಚಿಯ ನಡುವೆ ಕೋಲು ಇಟ್ಟು, ರೀಲನ್ನು ಎಳೆ ಎಳೆಯಾಗಿ ಇಳಿಬಿಟ್ಟೆವು. ಮದುವೆಯೆಲ್ಲ ನಮ್ಮ ಪಡಸಾಲೆಯಲ್ಲಿ ಜೋತಾಡುತ್ತಿತ್ತು.

ಆಗಲೇ ಬರಬೇಕೇ ಲಿಂಗಸುಗೂರಿನಿಂದ ನನ್ನ ತಂಗಿಯ ಅತ್ತೆ. ನಮಗೆ ಬೀಗಿತಿ. ಶಾವಿಗೆ ಹೊಸೆಯುವುದರಲ್ಲಿ ಆ ಕಡೆಗೆಲ್ಲ ಹೆಸರಾದವರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕೋಲಿನ ಮುಂದೆ ನಿಂತರು.

"ರಾಗಿ ಶಾವಿಗಿ ಏನ್ರೀ?"

ಏನಂತ ಹೇಳಲಿ? ಖಬರು ಅವ್ವನಿಗೆ ಮುಟ್ಟಬಾರದು. "ಹೌದ್ರೀ" ಅಂದೆ.

ಬೀಗಿತಿ ಒಂದೆಳೆ ಬೆರಳಿನಲ್ಲಿ ಹಿಡಿದು ಬೆಳಕಿಗೆ ನೋಡಿದರು. "ಏನ್ ಎಳಿ ತಗದೀರಿ ಯಪ್ಪಾ. ಚಪ್ಪಟ ಐತಿ, ಮಿಂಚ್ತೈತಿ, ಜಗ್ಗಿದ್ರೂ ಹರಿಯಂಗಿಲ್ಲ. ಇದು ನಮಗ ಈತನಕ ಬಂದಿಲ್ಲ ನೋಡ್ರಿ. ಒಂದು ಹಿಡಿ ಕಟ್ಟಿಕೊಡ್ರಿ, ಮನ್ಯಾಗ ಬಸದು ನೋಡ್ತೀನಿ."

ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಲಿಕ್ಕೆ ಆಗುತ್ತದೆಯೇ? ಅಕ್ಕಿಕಾಳು ಹಾಕಿ ಮುಗಿದ ಮೇಲಿನ, ಮಂದಿ ಸುಮ್ಮನೆ ಅಡ್ಡಾಡುವ ಭಾಗ ನೋಡಿ ಒಂದು ಹಿಡಿ ಕತ್ತರಿಸಿ ಪೊಟ್ಟಣ ಕಟ್ಟಿಕೊಟ್ಟೆ.

ಉಳಿದದ್ದು ದೇವರ ದಯೆಯಿಂದ ಮತ್ತೆ ಸುತ್ತಿಕೊಂಡಿತು. ವಿಸಿಆರ್‌ನ ಗ್ರೀಸು ತೆಗೆಯುವ ಹೊತ್ತಿಗೆ ನನ್ನ ಒಂದು ಹೊಸ ಧೋತ್ರ ಹೋಯಿತು. ಅವ್ವ ಬಂದು "ಹಚ್ಚಲೇ" ಅಂದಾಗ ನಾನು ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದೆ. ಅಪ್ಪ ಬಂದ. ಆದರೆ ಎದೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ ಕಾಯಂ ಉಳಿದಿತ್ತು. 

ಅವ್ವ ಮುಂದೆ ಬಾಗಿ ನೋಡಿದಳು. "ಈಗ ಛಲೋ ಕಾಣ್ತೈತಿ. ಮೊದಲ ಲಿಂಗದ ಶಿವದಾರ ಕಾಣ್ತಿರಲಿಲ್ಲ" ಅಂದಳು.

ಬೀಗಿತಿ ಮುಂದಿನ ಸಲ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು ದನಿ ಸಣ್ಣ ಮಾಡಿ ಹೇಳಿದರು: "ತಪ್ಪ ತಿಳೀಬ್ಯಾಡ್ರಿ. ಎಳಿ ಛಲೋ ತಗೀತೀರಿ, ಆದ್ರ ಒಂದು ಹೊರಿ ಕಟ್ಟಿಗಿ ಸುಟ್ರೂ ಬೇಯಲಿಲ್ಲ. ಹಿಟ್ಟು ಯಾವ ಗಿರಣ್ಯಾಗ ಬೀಸಿಸಿದ್ರಿ?"

ಮಾವನ ಟ್ರ್ಯಾಕ್ಟರ್

ಕರೆಂಟು ಹೋಗುವುದಕ್ಕೆ ನಮ್ಮ ಕಡೆ ಕಾರಣ ಬೇಕಾಗಿರಲಿಲ್ಲ, ಬರುವುದಕ್ಕೇ ಬೇಕಾಗಿತ್ತು. ಅಪ್ಪ ತುಪ್ಪಕ್ಕೆ ಕೈ ಮಾಡಿದ ಕೂಡಲೇ ಕರೆಂಟು ಹೋದರೆ, ಅವ್ವ ಕತ್ತಲೆಯ ಟೀವಿಯ ಮುಂದೆ ಹಾಗೇ ಕೂಡುತ್ತಿದ್ದಳು. "ಅರ್ಧ ಊಟಕ್ಕ ಬಿಟ್ಟು ಹೆಂಗ ಏಳ್ಲಿ?"

ಒಂದು ಅಮಾವಾಸ್ಯೆ ಹೀಗೇ ಆಯಿತು. ನನ್ನ ಹತ್ತಿರ ಇನ್ವರ್ಟರ್ ಅನ್ನುವ ಪೆಟ್ಟಿಗೆ ಇತ್ತು, ಅದರ ಬ್ಯಾಟರಿ ಸತ್ತಿತ್ತು. ಅವ್ವನಿಗೆ ಅವತ್ತು ಮುಂಜಾನೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ತಲೆ ತಿರುಗುತ್ತದೆ ಅನ್ನಲಿಕ್ಕೆ ಹತ್ತಿದಳು. ಆದರೂ ಉಣ್ಣಲೊಲ್ಲಳು. ನಾನು ಬಾಗಿಲಿಗೂ ಪಡಸಾಲೆಗೂ ತಿರುಗಾಡಿ ತಿರುಗಾಡಿ ಸಾಕಾಗಿದ್ದೆ. ಆಗ ಬಾಗಿಲ ಮುಂದೆ ಡುಗುಡುಗು ಸದ್ದಾಯಿತು. ಪಾಮನಕಲ್ಲೂರಿನಿಂದ ಅಕ್ಕನ ಗಂಡ, ನಮ್ಮ ಮಾವ, ಗೊಬ್ಬರ ಒಯ್ಯಲಿಕ್ಕೆ ಹೊಸ ಟ್ರ್ಯಾಕ್ಟರ್ ತಂದವ, ಹೇರಿಸಿಕೊಂಡು ನಮ್ಮ ಮನೆಗೆ ಬಂದಿದ್ದ. ನಾನು ಮಾವನನ್ನು ನೋಡಲಿಲ್ಲ, ಬ್ಯಾಟರಿ ನೋಡಿದೆ.

"ಬರ್ರಿ ಮಾವ, ಕೈಕಾಲು ತೊಳಕೋರಿ" ಅಂತ ಹಿತ್ತಲಿಗೆ ಕಳಿಸಿದೆ. ಅವನು ಮುಖ ಒರೆಸಿಕೊಂಡು ಬರುವುದರೊಳಗೆ ಟ್ರ್ಯಾಕ್ಟರಿನ ಬ್ಯಾಟರಿ ಪಡಸಾಲೆಯಲ್ಲಿತ್ತು, ಅಪ್ಪ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಮಾವ ಟೀವಿ ನೋಡಿದ, ಬ್ಯಾಟರಿ ನೋಡಿದ. "ಲೇ ತಮ್ಮಾ, ಇದು ಎಲ್ಲೋ ನೋಡಿದಂಗ ಐತಲ್ಲ" ಅಂದ.

ಅವ್ವ ಸೆರಗಿನೊಳಗಿನಿಂದಲೇ "ಹುಶ್, ನಿಮ್ಮ ಮಾವ ಉಣ್ಣಾಕತ್ತಾರ" ಅಂದಳು. ಮಾವ ಹೆಂಡತಿಯ ಅಪ್ಪನ ಮುಂದೆ ಯಾವತ್ತೂ ದನಿ ಎತ್ತಿದವನಲ್ಲ. ಟವೆಲ್ಲು ಹೆಗಲಿನಿಂದ ಇಳಿಸಿ, ಕೈಕಟ್ಟಿ ನಿಂತ.

ಅಪ್ಪ ಉಂಡ, ಅವ್ವ ಉಂಡಳು, ನಾವೆಲ್ಲ ಉಂಡೆವು. ಬ್ಯಾಟರಿ ಮಾತ್ರ ಖಾಲಿಯಾಗಿತ್ತು. ಗೊಬ್ಬರ ಹೇರಿದ ಟ್ರ್ಯಾಕ್ಟರನ್ನು ಓಣಿಯವರೆಲ್ಲ ಸೇರಿ ನೂಕಿದೆವು. ಅದು ಕೆಮ್ಮಿ ಕೆಮ್ಮಿ ಚಾಲೂ ಆಗುವ ಹೊತ್ತಿಗೆ ನಾವು ಬಳಗಾನೂರು ದಾರಿಯಲ್ಲಿದ್ದೆವು.

ಮುಂದಿನ ಸಲ ಮಾವ ಎತ್ತಿನ ಗಾಡಿ ಹೂಡಿಕೊಂಡು ಬಂದ. ನಾನು ಬಾಗಿಲಿಗೆ ಬರುತ್ತಲೇ ಬಾರುಕೋಲಿನಿಂದ ಎತ್ತುಗಳನ್ನು ತೋರಿಸಿ ಹೇಳಿದ: "ಇದರಾಗ ಏನು ಬಿಚ್ಚಕೋತಿ ಬಿಚ್ಚಕೋ. ಹೋಗೂ ಮುಂದ ಹೊಳ್ಳಿ ಕಟ್ಟು."

ಕೈಯಲ್ಲಿ ಹಿಡಿದ ತುತ್ತು

ತೊಂಬತ್ತರ ದಶಕ ಮುಗಿಯಲಿಕ್ಕೆ ಬಂದಾಗ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ರೀಲು ಒಂದಕ್ಕೊಂದು ಅಂಟಲಿಕ್ಕೆ ಹತ್ತಿತು. ಲಿಂಗಸುಗೂರಿನಲ್ಲಿ ಒಬ್ಬ ಕಂಪ್ಯೂಟರ್ ಕಲಿಸುವ ಮಾಸ್ತರ ಇದ್ದ. ಅವನು ನೋಡಿ ಹೇಳಿದ: "ಇದು ಇನ್ನೊಂದು ಸಲ ಓಡಿದ್ರ ಹೆಚ್ಚು. ಆ ಒಂದು ಸಲ ಓಡೂದ್ರಾಗ ಕಂಪ್ಯೂಟರಿನೊಳಗ ಇಳಿಸಿಬಿಡ್ತೀನಿ. ಕಂಪ್ಯೂಟರ್ ನಿಮ್ಮ ಟೀವಿಗೆ ಜೋಡಸ್ತೀನಿ. ಆಮ್ಯಾಲ ಸವಿಯೂದಿಲ್ಲ, ಹರಿಯೂದಿಲ್ಲ."

ಹೀಗೆ ಸಿಂಧನೂರಿನ ಪಡಸಾಲೆಗೆ ಬಂದ ಮೊದಲನೇ ಕಂಪ್ಯೂಟರ್ ನಮ್ಮದು. ಎರಡನೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆ ಕಡೆ ಕಂಪ್ಯೂಟರ್ ಲೆಕ್ಕ ಮಾಡುತ್ತದೆ, ಕಾಗದ ಬರೆಯುತ್ತದೆ. ನಮ್ಮದಕ್ಕೆ ಇದ್ದದ್ದು ಒಂದೇ ನೌಕರಿ, ಅಪ್ಪನಿಗೆ ಊಟ ಮಾಡಿಸುವುದು.

ಸುಖ ಬಂತು ಅಂದುಕೊಂಡೆ. ಚಿಂತೆ ಎರಡರಷ್ಟಾಯಿತು. ಆ ಮಶೀನು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಒಂದು ಬಟ್ಟಲು ಚಹಾ ಆರುತ್ತಿತ್ತು. ಅವ್ವನ "ಹಚ್ಚಲೇ" ಅಷ್ಟು ತಡೆಯುವುದಿಲ್ಲ. ಅದಕ್ಕೆ ಅದನ್ನು ಬಂದ್ ಮಾಡುವುದನ್ನೇ ಬಿಟ್ಟೆ. ಹಾಗೇ ಬಿಟ್ಟರೆ ತಾನೇ ನಿದ್ದೆ ಹೋಗಿ ಟೀವಿ ತುಂಬ ನಕ್ಷತ್ರ ಹಾರಿಸುತ್ತಿತ್ತು.

"ಇದೇನಲೇ, ಬರೇ ಚುಕ್ಕಿ. ನಿಮ್ಮಪ್ಪ ಎಲ್ಲಿ?"

"ಕೈಲಾಸದಿಂದ ಹೊಂಟಾನವ್ವ. ದಾರಿ ದೂರ ಐತಿ" ಅಂದು ಮೌಸ್ ಅನ್ನುವ ಇಲಿ ಅಲುಗಾಡಿಸುತ್ತಿದ್ದೆ. ಅವ್ವ ದಿನಾ ಜಳಕ ಮಾಡಿ ಆ ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಅದರ ಫ್ಯಾನು ಆ ವಿಭೂತಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಅಪ್ಪನ ವರ್ಷದ ಸ್ಮರಣೆ ಬಂತು. ಪೂಜೆಗೆ ಬಂದ ಅಯ್ಯನವರ ಪ್ರಸಾದ ಆಗಿತ್ತು. ಪಡಸಾಲೆಯಲ್ಲಿ ಮನೆಮಂದಿಯ ಪಂಕ್ತಿ ಕೂತಿತ್ತು. ಲಿಂಗಸುಗೂರಿನ ಬೀಗಿತಿ, ಪಾಮನಕಲ್ಲೂರಿನ ಅಕ್ಕ ಮಾವ, ಮಸ್ಕಿಯಿಂದ ಅದೇ ವಿಡಿಯೋದೊಳಗಿನ ಮದುಮಗಳು, ಈಗ ಮೈಕೈ ತುಂಬಿದ ಗೃಹಿಣಿ, ಅವಳ ಸಂಸಾರ. ಎಲೆ ಹಾಕಿ ಬಡಿಸಿ ಆಗಿತ್ತು. ಅವ್ವ ಕಂಬದ ಹತ್ತಿರ ಕೂತು ಸೆರಗು ಎಳೆದುಕೊಂಡು "ಹಚ್ಚಲೇ" ಅಂದಳು.

ಹಚ್ಚಿದೆ. ಅಪ್ಪ ಎಲೆ ಮುಂದೆ ಕೂತ. ಹೋಳಿಗೆ ಮುರಿದ. ತುತ್ತು ಎತ್ತಿದ. ಅಷ್ಟೇ. ತುತ್ತು ಕೈಯಲ್ಲಿ, ಬಾಯಿ ತೆರೆದದ್ದು ತೆರೆದಂತೆ. ಕಂಪ್ಯೂಟರ್ ಕಂಬದಂತೆ ನಿಂತುಬಿಟ್ಟಿತು.

ನಾನು ಇಲಿ ಅಲುಗಾಡಿಸಿದೆ. ಗುಂಡಿ ಎಲ್ಲ ಒತ್ತಿದೆ. ಪೆಟ್ಟಿಗೆಯ ತಲೆ ಮೇಲೆ ಮೆಲ್ಲಗೆ ಒಂದು ಕೊಟ್ಟೆ, ಪಂಪಿಗಾದರೆ ಅದು ಸಾಕು. ಅಪ್ಪ ಅಲುಗಾಡಲಿಲ್ಲ. ಎದುರಿನ ಅಂಗಡಿಯ ಫೋನಿಗೆ ಓಡಿ ಮಾಸ್ತರನನ್ನು ಹಿಡಿದೆ.

"ಬಂದ್ ಮಾಡಿ ಚಾಲೂ ಮಾಡ್ಲೇನು?"

"ಮುಟ್ಟಬ್ಯಾಡ್ರಿ. ಒಳಗಿಂದು ಅಳಿಸಿ ಹ್ವಾದ್ರ ನನ್ನ ಕಡೆ ಇನ್ನೊಂದಿಲ್ಲ. ನಾ ಈಗಿಂದೀಗ ಬಸ್ ಹತ್ತತೀನಿ."

 ಲಿಂಗಸುಗೂರಿನ ಬಸ್ಸು ಮಸ್ಕಿಯಲ್ಲಿ ನಿಂತು, ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು ಬರಬೇಕು. ಅಲ್ಲಿಯತನಕ ಅಪ್ಪ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಗಂತ ಅವ್ವನಿಗೆ ಹೇಳುವ ಧೈರ್ಯ ಎಲ್ಲಿಂದ ತರಲಿ? ಒಳಗೆ ಬಂದು "ಮಾಸ್ತರ ಬರಾಕತ್ತಾನ" ಅಂತಷ್ಟೇ ಅಂದೆ.

ಪಂಕ್ತಿಯಲ್ಲಿ ಯಾರೂ ಎಲೆ ಮುಟ್ಟಲಿಲ್ಲ. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಮಾವ ಬಹಳ ಹೊತ್ತು ಟೀವಿ ನೋಡಿ ಹೇಳಿದ: "ನಮ್ಮ ಮಾವಾರು ಉಣ್ಣಾಕ ಕುಂತ್ರ ಭಾಳ ಜಲ್ದಿ ಮುಗಸ್ತಿದ್ರು. ಈ ಮಶೀನ್ಯಾಗ ಕುಂತು ಕೆಟ್ರು ನೋಡು." ಮಸ್ಕಿಯ ತಂಗಿ ಹಸಿವು ತಾಳಲಾರದೆ ಟೀವಿಗೇ ಕೈಮುಗಿದಳು: "ದೊಡ್ಡಪ್ಪಾ, ಅದೊಂದು ತುತ್ತು ಬಾಯಾಗ ಹಾಕ್ಕೋ. ನನ್ನ ಮದಿವಿ ಊಟ, ಕೆಟ್ಟಿಲ್ಲ." ಬೀಗಿತಿ ತಮ್ಮ ಎಲೆಯ ಶಾವಿಗೆ ಪಾಯಸವನ್ನೂ ನನ್ನನ್ನೂ ಸಂಶಯದಿಂದ ನೋಡುತ್ತಿದ್ದರು.

 ಅವ್ವ ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಕುಳಿತಲ್ಲೇ ಸರಿದು ಸರಿದು ಟೀವಿಯ ಮುಂದೆ ಬಂದಳು. ಅಷ್ಟು ಹತ್ತಿರ ಯಾವತ್ತೂ ಕೂತವಳಲ್ಲ. ಸೆರಗು ತಲೆಯಿಂದ ಜಾರಿತು, ಎಳೆದುಕೊಳ್ಳಲಿಲ್ಲ.

"ಆ ಮಾಸ್ತರ ಬರೂತನಕ ಹಿಂಗ ಇರ್ತಾರೇನು ಇವರು?"

"ಹೌದವ್ವ" ಅಂದೆ. 

ಅವ್ವ ಸೊಸೆಯ ಕಡೆ ತಿರುಗಿದಳು. "ನನ್ನ ತಾಟು ಇಲ್ಲಿ ತಾ."

ಯಾರಿಗೂ ತಿಳಿಯಲಿಲ್ಲ. "ಅತ್ತಿ, ಮಾವಾರದು ಇನ್ನಾ ಆಗಿಲ್ಲಲ್ರಿ" ಅಂದಳು ನಮ್ಮನೆಯಾಕಿ.

"ನೋಡೇ, ಮದುವಿ ಆದಾಗಿಂದ ಒಲಿ ಮುಂದ ಕುಂತು ಅವರು ಉಂಡೇಳೂದನ್ನ ನಾ ಕಾದೆ. ಆರಿದ್ದು ಉಂಡೆ, ತಳದಾಗಿಂದು ಉಂಡೆ. ಇವತ್ತ ತುತ್ತು ಕೈಯಾಗ ಹಿಡಕೊಂಡು ನನ್ನ ಸಲುವಾಗಿ ಕಾಯಾಕತ್ತಾರ. ಎಷ್ಟೊತ್ತು ಕೈ ನೋಯಸ್ಲಿ ಅವರದು? ತಾ."

ಅವ್ವ ಅಪ್ಪನ ಎದುರಿಗೆ ತಾಟು ಇಟ್ಟುಕೊಂಡು ಉಣ್ಣಲಿಕ್ಕೆ ಹತ್ತಿದಳು. ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಅವಸರವಿಲ್ಲದೆ ಅಗಿದಳು. ನಡುನಡುವೆ ಅಪ್ಪನ ಮುಖ ನೋಡಿ "ಇವತ್ತ ಪಲ್ಯಾ ಹದಾ ಬಂದೈತಿ", "ಹೋಳಿಗಿಗೆ ಬೆಲ್ಲ ಕಡಿಮಿ ಆತು" ಅಂತ ಹೇಳುತ್ತಿದ್ದಳು. ಅಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಪಂಕ್ತಿಯೆಲ್ಲ ಎಲೆಗೆ ಕೈ ಹಚ್ಚಿತು. ನಮ್ಮ ಮನೆಯಲ್ಲಿ ಅವ್ವ ಬಿಸಿ ಬಿಸಿ ಉಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಬಿಸಿ ಅಂದರೆ ಆಕೆಗೆಂದೇ ಮತ್ತೆ ಬಡಿದ ರೊಟ್ಟಿ, ಅವು ಒಂದೊಂದಾಗಿ ಒಲೆಯಿಂದ ಬರುತ್ತಿದ್ದವು.

ಆ ಹೊತ್ತಿಗೆ ಮಾಸ್ತರ ಬಸ್ಸಿಳಿದು ಓಡುತ್ತ ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಒಂದು ಕೈಯಲ್ಲಿ ಸ್ಕ್ರೂಡ್ರೈವರ್. "ಅಜ್ಜಿ ಉಪವಾಸ ಅದಾಳೇನ್ರಿ?" ಅನ್ನುತ್ತ ಸೀದಾ ಕಂಪ್ಯೂಟರಿಗೆ ಕೈ ಹಾಕಲಿಕ್ಕೆ ಹೋದ.

ಅವ್ವ ಎಂಜಲುಗೈ ಅಡ್ಡ ಹಿಡಿದಳು. "ಏ ಯಪ್ಪಾ, ತಡಿ. ಅವರನ್ನ ಬಿಡಬ್ಯಾಡ. ನಂದಿನ್ನಾ ಒಂದು ರೊಟ್ಟಿ ಐತಿ."

ಮಾಸ್ತರ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಪಂಕ್ತಿಯಲ್ಲಿ ಕೂತು ಉಂಡ. ಅವ್ವ ಕೈತೊಳೆದು ಬಂದು "ಈಗ ಬಿಡು, ಉಣ್ಲಿ" ಅಂದ ಮೇಲೆ ಪೆಟ್ಟಿಗೆ ಬಿಚ್ಚಿದ. ಒಳಗಿನಿಂದ ಒಂದು ಬೊಗಸೆ ವಿಭೂತಿ ತೆಗೆದ. ಚಾಲೂ ಮಾಡಿದಾಗ ನಾನು ಗೋಡೆ ಕಡೆ ಮುಖ ಮಾಡಿ ನಿಂತಿದ್ದೆ. ಅಪ್ಪ ಅಳಿಸಿ ಹೋಗಿರಲಿಲ್ಲ. ಮತ್ತೆ ಮೊದಲಿನಿಂದ ಬಂದು ಎಲೆ ಮುಂದೆ ಕೂತ. ಅವ್ವ ಎಲೆಯಡಿಕೆ ಹಾಕಿಕೊಳ್ಳುತ್ತ ನೋಡಿದಳು. "ನಾ ಉಂಡೆದ್ದೆ, ಇವರು ಈಗ ಕುಂದ್ರಾಕತ್ತಾರ" ಅಂದಳು.

ಮುಂದಿನ ಅಮಾವಾಸ್ಯೆಗೆ ಅವ್ವ "ಹಚ್ಚಲೇ" ಅಂದಳು, ಹಚ್ಚಿದೆ. ಅಪ್ಪ ತುತ್ತು ಎತ್ತಿದ, ಬಾಯಿಗೆ ಹಾಕಿಕೊಂಡ. ಅವ್ವ ಮುಖ ಸಿಂಡರಿಸಿದಳು.

"ಹಿಂಗಲ್ಲ. ಆವತ್ತ ಕೆಟ್ಟಿತ್ತಲ್ಲ, ಹಂಗ ಕೆಡಸು."

ಇಷ್ಟು ವರ್ಷ ಅದು ಕೆಡಬಾರದು ಅಂತ ಮಿಲ್ಲು ನಿಲ್ಲಿಸಿದವ, ಶಾವಿಗೆ ಕೋಲು ಹಾಕಿದವ, ಟ್ರ್ಯಾಕ್ಟರ್ ಬಿಚ್ಚಿದವ ನಾನು. ಈಗ ಪ್ರತಿ ಸಲ ಅಪ್ಪನ ತುತ್ತು ಬಾಯಿಯ ಹತ್ತಿರ ಬರುವುದನ್ನೇ ಕಾದು ಗುಂಡಿ ಒತ್ತಿ ನಿಲ್ಲಿಸಬೇಕು. ಒಂದು ಕ್ಷಣ ಹೆಚ್ಚುಕಡಿಮೆಯಾದರೆ ತುತ್ತು ಒಳಗೆ ಹೋಗುತ್ತದೆ, ಅವ್ವ ತಾಟು ಮುಟ್ಟುವುದಿಲ್ಲ.  ಆದರೂ ಹೇಳುತ್ತೇನೆ, ಕೆಟ್ಟ ಮಶೀನು ರಿಪೇರಿ ಮಾಡುವವರು ಸಿಂಧನೂರಿನಿಂದ ಲಿಂಗಸುಗೂರಿನತನಕ ಬೇಕಾದಷ್ಟು ಮಂದಿ ಸಿಕ್ಕಾರು. ಕೆಲಸ ಮಾಡುತ್ತಿರುವುದನ್ನು ಊಟದ ಹೊತ್ತಿಗೆ ಸರಿಯಾಗಿ ಕೆಡಿಸಿ ಕೊಡುವವ ನಾನೊಬ್ಬನೇ.

ಸ್ಟೆಬಿಲೈಸರ್ ಮೇಲೆ ಆಣೆ ಮಾಡಿದ್ದೇನಾದ್ದರಿಂದ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೇಲೆ ಹೇಳಿದ್ದರಲ್ಲಿ ಒಂದು ಸಣ್ಣ ಸಂಗತಿ ನಾನು ಕಟ್ಟಿದ್ದು. ಮಾಸ್ತರ ಬಂದಾಗ ಅವ್ವನ ತಾಟಿನಲ್ಲಿ ಉಳಿದದ್ದು ಒಂದು ರೊಟ್ಟಿ ಅಂದೆನಲ್ಲ, ಅದು ಸುಳ್ಳು. ಇದನ್ನು ಅವ್ವನಿಗೆ ಓದಿ ಹೇಳಬೇಕಾಗುತ್ತದೆ, ಮಂದಿಯೊಳಗೆ ಮಾನ ಕಳೆದಿ ಅಂತ ಬೈಯುತ್ತಾಳೆ ಅಂತ ಹಾಗೆ ಬರೆದೆ. ಉಳಿದದ್ದು ಮೂರು.